ಪ್ಲಿಮತ್‌ನ ಹೌಲ್ಯಾಂಡ್ ಮನೆಯಲ್ಲಿ ಒಂದು ಮಧ್ಯಾಹ್ನ

ಅಮೆರಿಕದ ಬಾಸ್ಟನ್‌ನಿಂದ ದಕ್ಷಿಣಕ್ಕೆ ಕಾರಿನಲ್ಲಿ ಸುಮಾರು ಒಂದು ಗಂಟೆ ಹೋದರೆ ಪ್ಲಿಮತ್. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಬಂದ ಇಂಗ್ಲಿಷರು ನೆಲೆ ನಿಂತ ಊರು. ಹೆಚ್ಚಿನವರು ಅವರು ಕಾಲಿಟ್ಟದ್ದು ಎನ್ನಲಾಗುವ, ಸಮುದ್ರದಂಡೆಯ ಮಂಟಪದಲ್ಲಿರುವ ಬಂಡೆ ನೋಡುತ್ತಾರೆ, ಪಕ್ಕದಲ್ಲೇ ನಿಂತಿರುವ, ಮೇಫ್ಲವರ್‌ನ ಮಾದರಿಯಲ್ಲಿ ಕಟ್ಟಿದ ಹೊಸ ಹಡಗು ಹತ್ತಿ ಇಳಿದು ಹೊರಟುಬಿಡುತ್ತಾರೆ. ನನಗೆ ನೋಡಬೇಕಿದ್ದದ್ದು ಸ್ಯಾಂಡ್‌ವಿಚ್ ಸ್ಟ್ರೀಟ್‌ನ ಜೇಬೆಜ್ ಹೌಲ್ಯಾಂಡ್ ಮನೆ. 1667ರ ಸುಮಾರಿಗೆ ಕಟ್ಟಿದ್ದು. ಮೇಫ್ಲವರ್‌ನಲ್ಲಿ ಬಂದವರು ಬಾಳಿದ್ದರು ಅಂತ ಹೇಳಬಹುದಾದ ಮನೆ ಪ್ಲಿಮತ್‌ನಲ್ಲಿ ಈಗ ಉಳಿದಿರುವುದು ಇದೊಂದೇ.

ಜೇಬೆಜ್‌ನ ಅಪ್ಪ ಜಾನ್ ಹೌಲ್ಯಾಂಡ್ ಇಂಗ್ಲೆಂಡಿನ ಫೆನ್‌ಸ್ಟಾಂಟನ್ ಎಂಬ ಊರಿನವನು. ಜಾನ್ ಕಾರ್ವರ್ ಎಂಬುವನ ಸೇವಕನಾಗಿ ಹಡಗು ಹತ್ತಿದ. ನಡುಸಮುದ್ರದಲ್ಲಿ ಬಿರುಗಾಳಿ ಎದ್ದಾಗ ಮೇಲಕ್ಕೆ ಬಂದವನು ಹಡಗು ವಾಲಿದ್ದೇ ನೀರಿಗೆ ಬಿದ್ದ. ಹೊರಗೆ ಜೋತಾಡುತ್ತಿದ್ದ ಹಾಯಿಯ ಹಗ್ಗವೊಂದು ಕೈಗೆ ಸಿಕ್ಕಿತು. ಎಷ್ಟೋ ಆಳ ಮುಳುಗಿದರೂ ಹಿಡಿತ ಬಿಡಲಿಲ್ಲ, ಎಳೆದು ಕೊಕ್ಕೆ ಹಾಕಿ ಮೇಲೆತ್ತಿದರು. ಇದನ್ನು ಬರೆದಿಟ್ಟವನು ಮುಂದೆ ಗವರ್ನರ್ ಆದ ವಿಲಿಯಂ ಬ್ರಾಡ್‌ಫರ್ಡ್. ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್, ಇಬ್ಬರು ಬುಷ್‌ಗಳು ಹೌಲ್ಯಾಂಡ್‌ನ ವಂಶದವರೇ.

ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನ್ನ ಮನಸ್ಸು ಮಾತ್ರ ಅವನ ಹೆಂಡತಿ ಎಲಿಜಬೆತ್ ಟಿಲ್ಲಿಯ ಕಡೆಗೇ ಹೋಗುತ್ತಿತ್ತು. ಹಡಗು ಹತ್ತಿದಾಗ ಅವಳಿಗೆ 13 ವರ್ಷ. ಜೊತೆಗಿದ್ದವರು ಅಪ್ಪ, ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ. ಮೊದಲ ಚಳಿಗಾಲ ಮುಗಿಯುವಷ್ಟರಲ್ಲಿ ನಾಲ್ವರೂ ಇಲ್ಲ. ಬಂದಿದ್ದ 102 ಜನರಲ್ಲಿ ಅರ್ಧದಷ್ಟು ಜನ ಹೀಗೇ ಹೋದರು. ದಂಡೆಯ ಮೇಲಿನ ಕೋಲ್ಸ್ ಹಿಲ್ ಎಂಬ ದಿಬ್ಬದಲ್ಲಿ ಅವರನ್ನು ಹೂತಿದ್ದು. ಅಲ್ಲಿ ನಿಂತರೆ ಕೆಳಗೆ ಹಡಗು ಕಾಣುತ್ತದೆ. ಬಂದ ದಾರಿಯನ್ನು ದಿನಾ ನೋಡುತ್ತಾ ಆ ಹುಡುಗಿ ಹೇಗಿದ್ದಳೋ!

ಅದೇ ದಿಬ್ಬದ ಮೇಲೆ ವಾಂಪನೋಗ್ ಎಂಬ ಮೂಲನಿವಾಸಿ ಜನರ ನಾಯಕ ಮ್ಯಾಸಸೋಯಿಟ್‌ನ ಪ್ರತಿಮೆ ಇದೆ. ಇಂಗ್ಲಿಷರು ಇಳಿದದ್ದು ಖಾಲಿ ಜಾಗದಲ್ಲಲ್ಲ. ಅಲ್ಲಿ ಪಟುಕ್ಸೆಟ್ ಎಂಬ ಊರಿತ್ತು, ಇವರು ಬರುವ ಕೆಲವೇ ವರ್ಷ ಮೊದಲು ಯುರೋಪಿನವರಿಂದ ಬಂದ ಸಾಂಕ್ರಾಮಿಕ ರೋಗ ಊರಿಗೆ ಊರನ್ನೇ ಬರಿದು ಮಾಡಿತ್ತು. 1621ರ ಮಾರ್ಚ್‌ನಲ್ಲಿ ಮ್ಯಾಸಸೋಯಿಟ್ ಜೊತೆ ಶಾಂತಿ ಒಪ್ಪಂದ ಮಾಡಿಕೊಂಡ ಗವರ್ನರ್ ಬೇರೆ ಯಾರೂ ಅಲ್ಲ, ಹೌಲ್ಯಾಂಡ್‌ನ ಯಜಮಾನ ಕಾರ್ವರ್. ಸ್ವಲ್ಪ ದಿನಕ್ಕೆ ಕಾರ್ವರ್ ದಂಪತಿಯೂ ತೀರಿಕೊಂಡರು. ಮುಂದೆ ಎಲಿಜಬೆತ್ ಮತ್ತು ಜಾನ್ ಮದುವೆಯಾದರು. ಹತ್ತು ಮಕ್ಕಳು, ಹತ್ತೂ ಬದುಕಿ ದೊಡ್ಡವರಾದರು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ.

ಮನೆಯೊಳಗೆ ಮಾಡು ತಗ್ಗು, ಕಿಟಕಿಗೆ ಚೌಕುಳಿ ಗಾಜು, ಮಹಡಿಗೆ ಹೋಗುವ ಮೆಟ್ಟಿಲು ತೀರಾ ಕಿರಿದು. ಒಲೆ ಮಾತ್ರ ದೊಡ್ಡದು. ಚಳಿಗಾಲದಲ್ಲಿ ಜಾನ್ ಮತ್ತು ಎಲಿಜಬೆತ್ ಮಗನ ಈ ಮನೆಗೆ ಬಂದು ಇರುತ್ತಿದ್ದರಂತೆ. ಎಲಿಜಬೆತ್ 1686ರಲ್ಲಿ ಬರೆಸಿದ ಉಯಿಲು ಉಳಿದಿದೆ. ಅದನ್ನು ಓದಿಕೊಂಡು ಹೋಗಿದ್ದರಿಂದ ಆ ಒಲೆಯ ಮುಂದೆ ಜಾಸ್ತಿ ಹೊತ್ತು ನಿಂತೆ. ಜೇಬೆಜ್‌ಗೆ ಪುಕ್ಕದ ಹಾಸಿಗೆ, ಎರಡು ಕಂಬಳಿ, ಕಬ್ಬಿಣದ ದೊಡ್ಡ ಪಾತ್ರೆ, ಅದನ್ನು ತೂಗು ಹಾಕುವ ಕೊಕ್ಕೆ. ಇನ್ನೊಬ್ಬ ಮಗ ಐಸಾಕ್‌ಗೆ ಹಿತ್ತಾಳೆಯ ದೊಡ್ಡ ಹಂಡೆ, ಮಗಳು ಲಿಡಿಯಾಗೆ ಚಿಕ್ಕದು. ಯಾವ ಪುಸ್ತಕ ಯಾರಿಗೆ, ದಿಂಬಿನ ಕವರ್ ಯಾರಿಗೆ ಅಂತಲೂ ಬರೆಸಿದ್ದಾಳೆ. ದೊಡ್ಡ ಬೈಬಲ್ ಲಿಡಿಯಾಳ ಗಂಡ ಜೇಮ್ಸ್ ಬ್ರೌನ್‌ಗೆ. ಎಲ್ಲರೂ ಪ್ರೀತಿಯಿಂದ, ಜಗಳವಿಲ್ಲದೆ ಇರಿ ಅಂತ ಮಕ್ಕಳಿಗೆ ಬುದ್ಧಿಯನ್ನೂ ಹೇಳಿದ್ದಾಳೆ. ನಮ್ಮ ಅಜ್ಜಿಯರೂ ಹೀಗೇ ಅಲ್ವಾ, ಒಂದೊಂದು ಪಾತ್ರೆಗೂ ಒಬ್ಬೊಬ್ಬರ ಹೆಸರು.

ಆದರೆ ಆ ಶಾಂತಿ ಮನೆಯ ಹೊಸ್ತಿಲು ದಾಟಲಿಲ್ಲ. 1675ರಲ್ಲಿ ಮ್ಯಾಸಸೋಯಿಟ್‌ನ ಮಗ ಮೆಟಾಕಾಮ್ ಮತ್ತು ಇಂಗ್ಲಿಷರ ನಡುವೆ ಯುದ್ಧ ಶುರುವಾಯಿತು. ಅಳಿಯ ಬ್ರೌನ್ ಅದನ್ನು ತಪ್ಪಿಸಲು ಮೆಟಾಕಾಮ್ ಜೊತೆ ಮಾತುಕತೆಗೆ ಓಡಾಡಿದ. ಮಗ ಜೇಬೆಜ್ ಯುದ್ಧಕ್ಕೆ ಹೋದ. 1676ರಲ್ಲಿ ಮೆಟಾಕಾಮ್‌ನನ್ನು ಕೊಂದು, ಅವನ ತಲೆಯನ್ನು ಇದೇ ಪ್ಲಿಮತ್‌ನಲ್ಲಿ ಗಳುವಿಗೆ ಸಿಕ್ಕಿಸಿ ವರ್ಷಗಟ್ಟಲೆ ಇಟ್ಟಿದ್ದರು. ಆಮೇಲೆ ಜೇಬೆಜ್ ಈ ಮನೆ ಮಾರಿ ಈಗಿನ ರೋಡ್ ಐಲೆಂಡ್ ರಾಜ್ಯದ ಬ್ರಿಸ್ಟಲ್‌ಗೆ ಹೋಗಿ ನೆಲೆಸಿದ. ಆ ಊರು ಎದ್ದದ್ದು ಮೆಟಾಕಾಮ್ ಬಾಳಿದ್ದ ಮೌಂಟ್ ಹೋಪ್ ನೆಲದಲ್ಲಿ. ಅಪ್ಪನ ಯಜಮಾನ ಯಾರ ಜೊತೆ ಒಪ್ಪಂದ ಮಾಡಿಕೊಂಡನೋ, ಅವರ ಮಗನ ಜಾಗ ಈ ಮಗನಿಗೆ ಸಿಕ್ಕಿತು. ಐವತ್ತೈದು ವರ್ಷದಲ್ಲಿ ಮುಗಿದೇ ಹೋದ ಈ ನಂಟು ನನ್ನನ್ನು ತುಂಬಾ ಕಾಡಿತು. ಹೌಲ್ಯಾಂಡ್ ಮನೆಯವರ ಕಷ್ಟಕ್ಕೆ ಮರುಗಿದವಳು ನಾನು, ಇದನ್ನು ಹೇಳದೆ ಅವರ ಕಥೆ ಹೇಳುವುದು ಸರಿಯಲ್ಲ ಅನ್ನಿಸುತ್ತದೆ.

ಮನೆಯಿಂದ ಬರಿಯಲ್ ಹಿಲ್ ಎಂಬ ಸ್ಮಶಾನಕ್ಕೆ ನಡೆದೇ ಹೋಗಬಹುದು. ಅಲ್ಲಿ ಜಾನ್ ಹೌಲ್ಯಾಂಡ್‌ನ ಹೆಸರಿನ ಕಲ್ಲಿದೆ, 1897ರಲ್ಲಿ ವಂಶಸ್ಥರು ನಿಲ್ಲಿಸಿದ್ದು. ಎಲಿಜಬೆತ್ ಅಲ್ಲಿಲ್ಲ. ವಿಧವೆಯಾದ ಮೇಲೆ ಮಗಳು ಲಿಡಿಯಾಳ ಮನೆ ಸೇರಿದವಳು 1687ರಲ್ಲಿ ಅಲ್ಲೇ ತೀರಿಕೊಂಡಳು, ಮಣ್ಣಾದದ್ದು ಈಗಿನ ರೋಡ್ ಐಲೆಂಡ್‌ನ ಈಸ್ಟ್ ಪ್ರಾವಿಡೆನ್ಸ್‌ನಲ್ಲಿ. ಪ್ಲಿಮತ್‌ನಿಂದ ಕಾರಿನಲ್ಲಿ ಒಂದು ಗಂಟೆ ದಾರಿ, ಬ್ರಿಸ್ಟಲ್ ಕೂಡ ಅದೇ ದಿಕ್ಕಿಗೆ. ಎರಡನ್ನೂ ಸೇರಿಸಿ ಹೋಗುವುದಾದರೆ ಬೆಳಿಗ್ಗೆ ಬೇಗ ಹೊರಡಿ. ಹೌಲ್ಯಾಂಡ್ ಮನೆ ಚಳಿಗಾಲದಲ್ಲಿ ಬಾಗಿಲು ಹಾಕಿರುತ್ತದೆ, ಬೇಸಿಗೆಯಲ್ಲಿ ಹೋಗುವುದು ಒಳ್ಳೆಯದು.