ಬಾಗಿಲು ಕಿರ್ರ್ ಎಂದಾಗ

ನಾನು ಸಿನಿಮಾಗಳಿಗೆ ಸೌಂಡ್ ಎಡಿಟಿಂಗ್ ಮಾಡುತ್ತೇನೆ. ಒಂದು ಚಿತ್ರದಲ್ಲಿ ಮುದುಕರೊಬ್ಬರು ಎಷ್ಟೋ ವರ್ಷದ ಮೇಲೆ ಊರಿನ ಮನೆಯ ಬೀಗ ತೆಗೆದು ಒಳಗೆ ಬರುವ ದೃಶ್ಯವಿತ್ತು. ಒಂದೂ ಮಾತಿಲ್ಲ. ಅದಕ್ಕೇ ನನಗೆ ಭಯ. ಗಾಳಿ, ಪಾರಿವಾಳ, ಹಲ್ಲಿ, ದೂರದ ಬಸ್ಸಿನ ಹಾರನ್ ಅಂತ 14 ಟ್ರ್ಯಾಕ್, ಅಂದರೆ ಸದ್ದಿನ ಪದರ, ತುಂಬಿಸಿದೆ. ಸದ್ದುಗಳನ್ನೆಲ್ಲ ಹದವಾಗಿ ಬೆರೆಸಿ ಮಿಕ್ಸಿಂಗ್ ಮಾಡುವ ಹಿರಿಯರು ಕೇಳಿಸಿಕೊಂಡು, "ಎಲ್ಲಾ ಇದೆ ಕಣಮ್ಮ, ಆದ್ರೆ ಮನೆ ಖಾಲಿ ಇದೆ ಅನ್ನಿಸ್ತಿಲ್ಲ" ಅಂದರು.

ಆ ವಾರವೇ ನಾನು 'ಯೋಯೋ' ನೋಡಿದ್ದು. 1965ರ ಫ್ರೆಂಚ್ ಕಾಮಿಡಿ, ಕಪ್ಪು ಬಿಳುಪು. ನಿರ್ದೇಶಿಸಿ ನಟಿಸಿದವರು ಪಿಯೇರ್ ಎತೆಕ್ಸ್, ಫ್ರೆಂಚ್ ಹಾಸ್ಯ ಚಿತ್ರಗಳ ನಿರ್ದೇಶಕ ಜಾಕ್ ತಾತಿ ಹತ್ತಿರ ಪಳಗಿದವರು. ಹಕ್ಕುಗಳ ಜಗಳದಲ್ಲಿ ಅವರ ಚಿತ್ರಗಳು ದಶಕಗಟ್ಟಲೆ ಯಾರ ಕಣ್ಣಿಗೂ ಬೀಳದೆ ಕೂತಿದ್ದವು. ಸಾವಿರಾರು ಜನ ಸಹಿ ಹಾಕಿ ಒತ್ತಾಯಿಸಿದ ಮೇಲೆ, 2010ರಲ್ಲಿ ಫ್ರಾನ್ಸಿನ ಥಿಯೇಟರುಗಳಿಗೆ ಮತ್ತೆ ಬಂದವು. ಎತೆಕ್ಸ್ ಬದುಕಿರುವಾಗಲೇ ಇದಾಯಿತಲ್ಲ, ನೆನೆದರೆ ಈಗಲೂ ಖುಷಿಯಾಗುತ್ತದೆ.

ಕಥೆ ಶುರುವಾಗೋದು 1925ರಲ್ಲಿ. ದೊಡ್ಡ ಬಂಗಲೆ, ಸಾಲು ಸಾಲು ಆಳುಗಳು, ನಡುವೆ ಒಬ್ಬಂಟಿ ಸಾಹುಕಾರ. ನಾಯಿಯನ್ನು ವಾಕಿಂಗಿಗೆ ಕರೆದೊಯ್ಯುವಾಗಲೂ ಅವನು ಕಾರಿನಿಂದ ಇಳಿಯುವುದಿಲ್ಲ. ಪಕ್ಕದಲ್ಲಿ ನಾಯಿ ನಡೆಯುತ್ತದೆ. ಕಳೆದುಹೋದ ಸರ್ಕಸ್ ಹುಡುಗಿಯ ಫೋಟೋ ಅವನ ಬಳಿ ಇದೆ. 1929ರಲ್ಲಿ ಷೇರುಪೇಟೆ ಬಿದ್ದು ಅವನು ಎಲ್ಲ ಕಳೆದುಕೊಳ್ಳುತ್ತಾನೆ. ಮಾತಿನ ಚಿತ್ರಗಳ ಕಾಲವೂ ಅದೇ, ಹಾಗಾಗಿ ಈ ಚಿತ್ರವೂ ಅಲ್ಲಿಂದಲೇ ಮಾತಾಡಲು ಶುರುಮಾಡುತ್ತದೆ!

ಅದಕ್ಕೂ ಮುಂಚಿನ ಭಾಗ ಮೂಕಿ ಚಿತ್ರದ ಹಾಗೆ. ಮಾತುಗಳೆಲ್ಲ ಬರಹದಲ್ಲಿ. ಆದರೆ ಬಾಗಿಲು ತೆಗೆದರೆ ಕಿರ್ರ್ ಅನ್ನುತ್ತದೆ, ಬೇಕಂತಲೇ ಜಾಸ್ತಿ. ಜನರ ದನಿ ಇಲ್ಲದ ಕಡೆ ಬಾಗಿಲ ದನಿ. ಮೊದಲು ನಗು ಬಂತು, ಆಮೇಲೆ ಹೊಟ್ಟೆಯೊಳಗೆ ಏನೋ ಕಲಕಿತು. ಅಷ್ಟು ದೊಡ್ಡ ಮನೆಯಲ್ಲಿ ಆ ಮನುಷ್ಯನಿಗೆ ಯಾರೂ ಇಲ್ಲ ಅಂತ ಆ ಒಂದು ಸದ್ದು ಹೇಳಿಬಿಟ್ಟಿತು. ನಾನು 14 ಟ್ರ್ಯಾಕ್ ಹಾಕಿಯೂ ಹೇಳಲಾಗದ್ದು ಅದೇ ಅಲ್ವಾ?

ಮರುದಿನ ಎಲ್ಲ ಟ್ರ್ಯಾಕ್ ಮ್ಯೂಟ್ ಮಾಡಿದೆ. ಸ್ಟುಡಿಯೋ ಹಿಂದಿನ ಸ್ಟೋರ್ ರೂಮಿಗೆ ಹಳೇ ಮರದ ಬಾಗಿಲಿದೆ. ಮೈಕನ್ನು ಬಾಗಿಲು ತಿರುಗುವ ಕೀಲಿನಿಂದ ಒಂದು ಗೇಣು ದೂರದಲ್ಲಿಟ್ಟು, ಬಾಗಿಲನ್ನು ಇಷ್ಟಿಷ್ಟೇ ನೂಕಿದೆ. ಬೇಗ ನೂಕಿದರೆ ಕೀರಲು, ನಿಧಾನ ನೂಕಿದರೆ ನರಳಿದ ಹಾಗೆ. ನಿಧಾನದ್ದನ್ನೇ ಇಟ್ಟುಕೊಂಡೆ.

ದೃಶ್ಯದಲ್ಲಿ ಕೊನೆಗೆ ಉಳಿದದ್ದು ಬೀಗ, ಆ ಬಾಗಿಲು, ಆರು ಸೆಕೆಂಡ್ ಏನೂ ಇಲ್ಲ, ಆಮೇಲೆ ಮುದುಕರ ಚಪ್ಪಲಿ. ಹಿರಿಯರು ಇನ್ನೊಂದು ಸಲ ಹಾಕಿಸಿ ಕೇಳಿದರು. "ಆ ಆರು ಸೆಕೆಂಡ್ ಮುಟ್ಟಬೇಡ" ಅಂದರು.