ಹನ್ನೊಂದು ಗಂಟೆಯ ಅಂಕಿ

2023ರ ಮೇ 10, ವಿಧಾನಸಭಾ ಚುನಾವಣೆಯ ದಿನ. ಮುಂಜಾನೆ ಏಳೂವರೆಗೆ ಮತ ಹಾಕಿ ಬಂದಿದ್ದ ನಾನು ಹನ್ನೊಂದರ ಹೊತ್ತಿಗೆ ಧಾರವಾಡದ ಸಪ್ತಾಪುರ ಭಾವಿಯ ಹತ್ತಿರದ ಚಹಾದಂಗಡಿಯಲ್ಲಿ ಕುಳಿತಿದ್ದೆ. ರಾಜ್ಯದಲ್ಲಿ ಶೇ 21ರ ಹತ್ತಿರ ಮತದಾನವಾಗಿದೆ ಎಂಬ ಸುದ್ದಿ ಟಿವಿಯಲ್ಲಿ ಬಂತು. "ಮಂದಿ ಸಿಟ್ಟಿಗೆದ್ದಾರ್ರಿ, ಮುಂಜಾನಿಂದ ಪಾಳಿ ಹಚ್ಚ್ಯಾರ, ಸರ್ಕಾರ ಹೋಗೂದು ಖರೆ" ಎಂದರು ಒಬ್ಬರು. ಅವರ ಪಕ್ಕದಲ್ಲಿದ್ದವರು ಅದೇ ಅಂಕಿಯನ್ನು ಹಿಡಿದು, "ಖಾಯಂ ಹಾಕೋ ಮಂದಿ ಮೊದಲ ಬಂದು ಹಾಕಿ ಹೋಗ್ಯಾರ, ಸರ್ಕಾರ ಉಳೀತೈತಿ" ಎಂದರು. ಇಬ್ಬರ ಮಾತನ್ನೂ ಕೇಳಿದ ಒಬ್ಬ ಹುಡುಗ, ಇನ್ನೂ ಮತ ಹಾಕದವನು, "ಹಂಗಾರ ಎಲ್ಲಾ ಮುಗದಂಗ ಆತಲ್ರಿ, ನಾ ಹೋಗಿ ಏನ್ ಮಾಡೂದೈತಿ" ಎಂದು ಎದ್ದು ಹೋದ. ಆ ಹುಡುಗನ ಮಾತು ನನ್ನ ಮನಸ್ಸಿನಿಂದ ಇಂದಿಗೂ ಹೋಗಿಲ್ಲ. ಮುಂದಿನ ಚುನಾವಣೆಯ ಮಾತು ನಮ್ಮ ಓಣಿಯಲ್ಲಿ ಮತ್ತೆ ಆರಂಭವಾಗಿರುವುದರಿಂದ, ಹಿಂದಿನ ಚುನಾವಣೆಯಲ್ಲಿ ಮತಗಟ್ಟೆಯ ಒಳಗೆ ಕುಳಿತು ಇಂತಹ ಅಂಕಿಯನ್ನು ಬರೆದು ಕಳುಹಿಸಿದ ಒಬ್ಬ ನಿವೃತ್ತ ಶಿಕ್ಷಕನಾಗಿ ನನಗೆ ತಿಳಿದುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಒಂಬತ್ತು, ಹನ್ನೊಂದು, ಒಂದು, ಮೂರು, ಐದು ಗಂಟೆಗೆ ಪ್ರಕಟವಾಗುವ ಅಂಕಿಗಳ ಮೂಲ ಬಹಳ ಸರಳವಾದುದು. ಮತ ಹಾಕಿದವರ ವಿವರ 17ಎ ನಮೂನೆಯ ವಹಿಯಲ್ಲಿ ದಾಖಲಾಗುತ್ತದೆ. ಮತಯಂತ್ರದ ಭಾಗವಾಗಿ ಅಧಿಕಾರಿಯ ಬಳಿ ಇರುವ ಕಂಟ್ರೋಲ್ ಯೂನಿಟ್‌ನ ಟೋಟಲ್ ಗುಂಡಿಯನ್ನು ಒತ್ತಿದರೆ ಅಲ್ಲಿಯವರೆಗೆ ಬಿದ್ದ ಮತಗಳ ಸಂಖ್ಯೆ ಕಾಣುತ್ತದೆ. ನಾನು ಕೆಲಸ ಮಾಡುವಾಗ ಅದನ್ನು ಗಂಡಸರೆಷ್ಟು, ಹೆಂಗಸರೆಷ್ಟು ಎಂದು ಬಿಡಿಸಿ, ಕೆಲವು ಗಟ್ಟೆಗಳನ್ನು ನೋಡಿಕೊಳ್ಳುವ ಸೆಕ್ಟರ್ ಅಧಿಕಾರಿಗೆ ತಿಳಿಸಬೇಕಿತ್ತು. ಯಾರಿಗೆ ಬಿದ್ದಿವೆ ಎಂಬುದು ಮತಗಟ್ಟೆಯ ಅಧಿಕಾರಿಗೂ ತಿಳಿಯುವುದಿಲ್ಲ. ಇಷ್ಟು ಬಹಳ ಜನರಿಗೆ ಗೊತ್ತಿರುವುದೇ. ಆದರೆ ಮುಂಜಾನೆಯ ಅಂಕಿಗೆ ಒಂದು ಮೇಲ್ಮಿತಿಯಿದೆ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಗುರುತಿನ ಚೀಟಿ ನೋಡಿ, ಸಹಿ ಮಾಡಿಸಿ, ಬೆರಳಿಗೆ ಶಾಯಿ ಹಚ್ಚಿ, ಗುಂಡಿ ಒತ್ತಿದ ಮೇಲೆ ಯಾರಿಗೆ ಮತ ಬಿತ್ತೆಂದು ತೋರಿಸುವ ವಿವಿಪ್ಯಾಟ್ ಚೀಟಿ ಏಳು ಸೆಕೆಂಡು ಕಂಡು ಬೀಳುವಷ್ಟರಲ್ಲಿ, ನನ್ನ ಅನುಭವದಂತೆ, ಒಬ್ಬರಿಗೆ ಹತ್ತಿರ ಹತ್ತಿರ ಒಂದು ನಿಮಿಷ ಹಿಡಿಯುತ್ತದೆ. ಹಾಗಾದರೆ ಸಾವಿರ ಮತದಾರರಿರುವ ಗಟ್ಟೆಯಲ್ಲಿ ಮೊದಲ ಎರಡು ತಾಸಿನಲ್ಲಿ 120 ಮತ, ಅಂದರೆ ಶೇ 12, ಬೀಳುವುದೇ ಕಷ್ಟ. ಹೊರಗೆ ಇನ್ನೂರು ಜನ ನಿಂತಿದ್ದರೂ ಮೂವತ್ತು ಜನ ನಿಂತಿದ್ದರೂ ಒಂಬತ್ತು ಗಂಟೆಯ ಅಂಕಿ ಆ ವ್ಯತ್ಯಾಸವನ್ನು ತೋರಿಸುವುದಿಲ್ಲ. ಯಂತ್ರದ ವೇಗವನ್ನು ನಾವು ಜನರ ಉತ್ಸಾಹವೆಂದೋ ನಿರುತ್ಸಾಹವೆಂದೋ ಓದುತ್ತೇವೆ.

ಮುಂಜಾನೆ ಯಾರು ಬರುತ್ತಾರೆ ಎಂಬುದನ್ನು ನಿರ್ಧರಿಸುವುದರಲ್ಲಿ ರಾಜಕೀಯಕ್ಕಿಂತ ಅವರವರ ದಿನಚರಿಯ ಪಾಲು ದೊಡ್ಡದು. ಧಾರವಾಡದ ಮಾಳಮಡ್ಡಿ, ಸಪ್ತಾಪುರಗಳಲ್ಲಿ ವಾಕಿಂಗ್ ಮುಗಿಸಿದ ನಿವೃತ್ತರು ಏಳು ಗಂಟೆಗೇ ಸಾಲಿನಲ್ಲಿರುತ್ತಾರೆ. ಹುಬ್ಬಳ್ಳಿಯ ಪೇಟೆಯ ಓಣಿಗಳಲ್ಲಿ ಅಷ್ಟು ಬೇಗ ಬರುವವರು ಕಡಿಮೆ. ನವಲಗುಂದದ ಕಡೆಯ ಎರೆಭೂಮಿಯ ಹಳ್ಳಿಗಳಲ್ಲಿ ಮೇ ತಿಂಗಳ ಬಿಸಿಲು ಏರುವ ಮೊದಲೇ ಕೆಲಸ ಮುಗಿಸಬೇಕೆಂದು ಗಂಡಸರು ಬೇಗ ಬಂದುಬಿಡುತ್ತಾರೆ. ರೊಟ್ಟಿ ಬಡಿದು, ನೀರು ತುಂಬಿ, ಮಕ್ಕಳಿಗೆ ಉಣಿಸಿದ ನಂತರವೇ ಹೊರಡಬಹುದಾದ ಹೆಂಗಸರು ಹತ್ತರ ಮೇಲೆ ಗುಂಪಾಗಿ ಬರುತ್ತಾರೆ. ಆದ್ದರಿಂದ ಒಂಬತ್ತು ಗಂಟೆಯ ಅಂಕಿಯಲ್ಲಿ ಹೆಂಗಸರ ಪಾಲು ಕಡಿಮೆಯಿದ್ದರೆ ಅದರಿಂದ ಅವರ ಮನಸ್ಸು ತಿಳಿಯುವುದಿಲ್ಲ, ಅವರ ಮನೆಗೆಲಸವಷ್ಟೇ ತಿಳಿಯುತ್ತದೆ.

ದಿನದ ಕೊನೆಯ ಮೊತ್ತವಾದರೂ ಫಲಿತಾಂಶವನ್ನು ಹೇಳುತ್ತದೆಯೇ ಎಂದು ಕೇಳಬಹುದು. ನಮ್ಮ ರಾಜ್ಯದ ವಿಧಾನಸಭಾ ಚುನಾವಣೆಗಳಲ್ಲಿ 2013ರಲ್ಲಿ ಶೇ 71ರ ಆಸುಪಾಸು, 2018ರಲ್ಲಿ ಶೇ 72, 2023ರಲ್ಲಿ ಶೇ 73 ಮತದಾನವಾಯಿತು. ಮೂರು ಸಲವೂ ಏರಿಕೆ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಸಾಗಿದೆ. ಫಲಿತಾಂಶ ಮಾತ್ರ ಮೊದಲ ಸಲ ಕಾಂಗ್ರೆಸ್ಸಿಗೆ 122 ಸ್ಥಾನಗಳ ಬಹುಮತ, ಎರಡನೆಯ ಸಲ 104 ಸ್ಥಾನಗಳೊಂದಿಗೆ ಬಿಜೆಪಿ ಮುಂದಿದ್ದರೂ ಯಾರಿಗೂ ಬಹುಮತವಿಲ್ಲ, ಮೂರನೆಯ ಸಲ ಕಾಂಗ್ರೆಸ್ಸಿಗೆ 135. ಹಾವೇರಿ ಜಿಲ್ಲೆಯ ಶಿಗ್ಗಾವಿಯಲ್ಲಿ 2024ರ ನವೆಂಬರ್ 13ರಂದು ಉಪಚುನಾವಣೆ ನಡೆದಾಗ ಶೇ 80ರಷ್ಟು ಮತದಾನವಾಯಿತೆಂದು ಕೇಳಿ, ಅಲ್ಲಿರುವ ನಮ್ಮ ಬೀಗರ ಮನೆಯಲ್ಲಿ ಎರಡೂ ಪಕ್ಷದವರು ಅದು ತಮಗೇ ಶುಭವೆಂದಿದ್ದರು. 2008ರಿಂದ ಬಿಜೆಪಿಯ ಬಸವರಾಜ ಬೊಮ್ಮಾಯಿಯವರು ಗೆಲ್ಲುತ್ತ ಬಂದಿದ್ದ ಆ ಕ್ಷೇತ್ರದಲ್ಲಿ ಕಾಂಗ್ರೆಸ್ 13 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದಿತು.

ಅಮೆರಿಕದಲ್ಲಿ ಚುನಾವಣೆಯ ದಿನಕ್ಕಿಂತ ವಾರಗಳ ಮೊದಲೇ ಮತ ಹಾಕುವ ಪದ್ಧತಿಯಿದೆ. 2020ರಲ್ಲಿ ಹಾಗೆ ಹಾಕಿದವರು 10 ಕೋಟಿಗೂ ಹೆಚ್ಚು, 2024ರಲ್ಲಿ 8 ಕೋಟಿಗೂ ಹೆಚ್ಚು. ನೆವಾಡಾದಂತಹ ರಾಜ್ಯಗಳಲ್ಲಿ ಮತದಾರರು ತಮ್ಮ ಪಕ್ಷವನ್ನು ನೋಂದಾಯಿಸಿರುವುದರಿಂದ, ಯಾವ ಪಕ್ಷದ ನೋಂದಾಯಿತರು ಎಷ್ಟು ಮಂದಿ ಈಗಾಗಲೇ ಮತ ಹಾಕಿದ್ದಾರೆಂಬುದೂ ತಿಳಿಯುತ್ತದೆ. ನಮಗಿಲ್ಲದ ಈ ಅನುಕೂಲವಿದ್ದರೂ ಅಲ್ಲಿನ ಲೆಕ್ಕ ಜಾರುತ್ತದೆ. 2020ರಲ್ಲಿ ಕೊರೊನಾ ಕಾಲದಲ್ಲಿ ಅಂಚೆ ಮತದ ಬಗ್ಗೆ ಟ್ರಂಪ್ ಸಂಶಯ ಎಬ್ಬಿಸಿದ್ದರಿಂದ ಅವರ ಬೆಂಬಲಿಗರಲ್ಲಿ ಹೆಚ್ಚಿನವರು ಚುನಾವಣೆಯ ದಿನಕ್ಕಾಗಿಯೇ ಕಾದರು. 2024ರಲ್ಲಿ ಅವರ ರಿಪಬ್ಲಿಕನ್ ಪಕ್ಷವೇ ಬೇಗ ಮತ ಹಾಕಿರೆಂದು ಹೇಳಿತು, ನೆವಾಡಾದಲ್ಲಿ ಬೇಗ ಹಾಕಿದವರಲ್ಲಿ ಆ ಪಕ್ಷದ ನೋಂದಾಯಿತರೇ ಮುಂದಿದ್ದರು. ಎರಡು ವರ್ಷಗಳ ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡಿದವನಿಗೆ ಜನರ ಒಲವು ಎಷ್ಟು ಬದಲಾಗಿದೆ, ಮತ ಹಾಕುವ ದಿನವಷ್ಟೇ ಎಷ್ಟು ಬದಲಾಗಿದೆ ಎಂಬುದನ್ನು ಬಿಡಿಸಿ ಹೇಳಲು ಸಾಧ್ಯವಾಗದು.

ನಮ್ಮಲ್ಲಿ ಮೊದಲೇ ಮತ ಹಾಕುವವರೆಂದರೆ ಚುನಾವಣಾ ಕೆಲಸದ ನೌಕರರು, ಸೈನಿಕರು, ಮನೆಯಿಂದಲೇ ಮತ ಹಾಕುವ ಹಿರಿಯರು ಮತ್ತು ಅಂಗವಿಕಲರು. 2023ರಲ್ಲಿ 80 ವರ್ಷ ದಾಟಿದವರಿಗೆ ಈ ಅವಕಾಶವಿತ್ತು. 2024ರ ಲೋಕಸಭಾ ಚುನಾವಣೆಯಲ್ಲಿ ಅದನ್ನು 85ಕ್ಕೆ ಏರಿಸಿದರು. ನಮ್ಮ ಅವ್ವ ಇದಕ್ಕಾಗಿ ಕೊಡಬೇಕಾದ ಅರ್ಜಿ, 12ಡಿ ನಮೂನೆ, ತುಂಬಿಕೊಟ್ಟಿದ್ದಳು. ವಿಡಿಯೊ ಮಾಡುವವರೊಡನೆ ಸಿಬ್ಬಂದಿ ಮನೆಗೆ ಬಂದು, ಪಡಸಾಲೆಯ ಮೂಲೆಯಲ್ಲಿ ರಟ್ಟಿನ ಮರೆ ನಿಲ್ಲಿಸಿ ಮತ ಹಾಕಿಸಿಕೊಂಡು ಹೋದರು. ಯಾರಿಗೆ ಹಾಕಿದೆವ್ವಾ ಎಂದು ನಾನು ಕೇಳಿದಾಗ, "ಸಾಲ್ಯಾಗ ಇಷ್ಟು ವರ್ಷ ಹುಡುಗರಿಗೆ ಏನ್ ಕಲಿಸಿದ್ಯೋ ಮಗನ, ಅದನ್ನ ಕೇಳಬಾರದು" ಎಂದಳು. ಅವಳು ಹೇಳಿದ್ದು ಸರಿ. ಎಣಿಕೆಯ ದಿನ ಎಂಟು ಗಂಟೆಗೆ ಎಲ್ಲಕ್ಕಿಂತ ಮೊದಲು ಎಣಿಸತೊಡಗುವುದು ಇಂತಹ ಅಂಚೆ ಮತಗಳನ್ನೇ. ಟಿವಿಯಲ್ಲಿ ಮೊದಲು ಕಾಣುವ ಮುನ್ನಡೆಗಳೂ ಇವರವೇ. ಇವರು ಊರಿನ ಒಂದು ಸಣ್ಣ ಪಾಲು, ಊರಿನ ಮಾದರಿಯಲ್ಲ. ಆದರೆ ಕಡಿಮೆಯೆಂದು ಕಡೆಗಣಿಸುವಂತೆಯೂ ಇಲ್ಲ: 2023ರಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶ ಮರುಎಣಿಕೆಯ ನಂತರ 16 ಮತಗಳ ಅಂತರದಲ್ಲಿ ನಿಂತಾಗ, ತಿರಸ್ಕೃತವಾದ ಅಂಚೆ ಮತಗಳೇ ವಿವಾದಕ್ಕೆ ಕಾರಣವಾಗಿದ್ದವು.

ಹಾಗಾದರೆ ಬೇಗ ಬರುವ ಅಂಕಿ ಏನನ್ನೂ ಹೇಳುವುದಿಲ್ಲವೇ? ಹೇಳುತ್ತದೆ, ಆದರೆ ಒಂದು ಗಟ್ಟೆಯನ್ನು ಅದೇ ಗಟ್ಟೆಯ ಹಿಂದಿನ ಚುನಾವಣೆಯೊಡನೆ, ಅದೇ ತಾಸಿನ ಅಂಕಿಯೊಡನೆ ಹೋಲಿಸಿದಾಗ ಮಾತ್ರ. ಕಳೆದ ಸಲ ಹನ್ನೊಂದಕ್ಕೆ ಅರ್ಧ ಪಾಲು ಹೆಂಗಸರಿದ್ದ ಕಡೆ ಈ ಸಲ ಕಾಲು ಪಾಲಷ್ಟೇ ಇದ್ದರೆ, ಅಲ್ಲಿ ಏನೋ ಆಗಿದೆ: ಊರಿನಲ್ಲಿ ಒಂದು ಸಾವಾಗಿರಬಹುದು, ಯಾದಿಯಿಂದ ಹೆಸರುಗಳು ಬಿಟ್ಟುಹೋಗಿರಬಹುದು, ಮತಗಟ್ಟೆ ದೂರಕ್ಕೆ ಹೋಗಿರಬಹುದು. ಯಾರು ಬಂದಿಲ್ಲವೆಂದು ತಿಳಿಯಲು ಈ ಅಂಕಿ ಒಳ್ಳೆಯ ಸಾಧನ. ಯಾರು ಗೆಲ್ಲುತ್ತಾರೆಂದು ತಿಳಿಯಲು ಅಲ್ಲ. ಚಹಾದಂಗಡಿಯಿಂದ ಎದ್ದು ಹೋದ ಆ ಹುಡುಗನಿಗೆ ಹಿರೇಕೆರೂರಿನ ಲೆಕ್ಕವನ್ನು ಹೇಳಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. 2018ರಲ್ಲಿ ಅಲ್ಲಿ ಬಿ.ಸಿ. ಪಾಟೀಲರು ಗೆದ್ದದ್ದು 555 ಮತಗಳಿಂದ. ಇನ್ನೂರಕ್ಕೂ ಹೆಚ್ಚು ಮತಗಟ್ಟೆಗಳಿಗೆ ಹಂಚಿದರೆ ಒಂದೊಂದು ಗಟ್ಟೆಗೆ ಮೂರು ಮತವೂ ಬರುವುದಿಲ್ಲ.

ಅದೇ 2018ರ ಮೇ 12ರಂದು ನಾನು ಗದಗ ಜಿಲ್ಲೆಯ ಶಿರಹಟ್ಟಿ ಭಾಗದಲ್ಲಿ, ತಾಂಡಾದ ಪಕ್ಕದ ಒಂದು ಶಾಲೆಯಲ್ಲಿ ಮತಗಟ್ಟೆಯ ಅಧಿಕಾರಿಯಾಗಿದ್ದೆ. ಹನ್ನೊಂದು ಗಂಟೆಗೆ ನಾನು ಕಳುಹಿಸಿದ ಅಂಕಿ ಎಷ್ಟು ಕಡಿಮೆಯಿತ್ತೆಂದರೆ, ಜನ ಮತದಾನ ಬಹಿಷ್ಕರಿಸಿದ್ದಾರೆಯೇ ಎಂದು ಮೇಲಿನವರು ಫೋನ್ ಮಾಡಿ ಕೇಳಿದರು. ಬಹಿಷ್ಕಾರವೇನೂ ಇರಲಿಲ್ಲ, ತಾಂಡಾದ ಅರ್ಧ ಜನ ಗೋವಾ, ಮಂಗಳೂರುಗಳಿಗೆ ಗುಳೆ ಹೋಗಿದ್ದರು. ನಾಲ್ಕು ಗಂಟೆಯ ಮೇಲೆ ಒಬ್ಬೊಬ್ಬರಾಗಿ, ಆಮೇಲೆ ಗುಂಪುಗುಂಪಾಗಿ, ಗಂಟುಗಳನ್ನು ಶಾಲೆಯ ಕಟ್ಟೆಯ ಮೇಲಿಟ್ಟು ಸಾಲಿಗೆ ನಿಂತರು. ಆರು ಗಂಟೆಗೆ ಸಾಲಿನಲ್ಲಿದ್ದವರಿಗೆಲ್ಲ ಮತ ಹಾಕುವ ಹಕ್ಕಿದೆ. ಆಮೇಲೆ ಬಂದವರು ನಡುವೆ ಸೇರದಂತೆ ಸಂಖ್ಯೆಯ ಚೀಟಿಗಳನ್ನು ಸಾಲಿನ ಕೊನೆಯವರಿಂದ ಕೊಡುತ್ತ ಬರಬೇಕು. ಒಂದನೆಯ ಚೀಟಿಯನ್ನು ಕೂಸನ್ನು ಎತ್ತಿಕೊಂಡಿದ್ದ ಒಬ್ಬ ತಾಯಿಗೆ ಕೊಟ್ಟೆ. ನಲವತ್ತಮೂರನೆಯ ಚೀಟಿ ಕೊಡುವಾಗ ಬಾಗಿಲಿಗೆ ಬಂದಿದ್ದೆ. ಆ ತಾಯಿಯ ಸರದಿ ಬಂದು ಅವಳ ಬೆರಳಿಗೆ ಶಾಯಿ ಹಚ್ಚಿದಾಗ ಏಳು ಗಂಟೆಯಾಗುತ್ತ ಬಂದಿತ್ತು.