ಸೊಟ್ಟಗಾದ ಫುಟ್‌ಪಾತ್

ಇವತ್ತು ಅಮೆರಿಕದ ಕ್ಯಾಲಿಫೋರ್ನಿಯಾದ ಹೇವರ್ಡ್‌ನಲ್ಲಿ ಕಾರಿನಿಂದ ಇಳಿದರೆ, ಫುಟ್‌ಪಾತಿನ ಅಂಚುಕಟ್ಟೆ ನಡುವೆ ಕಡಿದು ಅರ್ಧ ಈಚೆ, ಅರ್ಧ ಆಚೆ. ಸಂದಿಯಲ್ಲಿ ಬೆರಳು ತೂರುತ್ತದೆ.

ಕಂಟ್ರಾಕ್ಟರನ್ನು ಬೈಯಬೇಡಿ. ಕೆಳಗೆ ಹೇವರ್ಡ್ ಫಾಲ್ಟ್ ಇದೆ, ಅಂದರೆ ಭೂಮಿಯ ಹೊರಪದರದಲ್ಲಿರುವ ದೊಡ್ಡ ಬಿರುಕು. ಭೂಕಂಪ ಇಲ್ಲದಾಗಲೂ ಅದರ ಆಚೀಚೆಯ ನೆಲ ವರ್ಷಕ್ಕೆ ಸುಮಾರು 5 ಮಿಲಿಮೀಟರ್ ಸುಮ್ನೆ ಜರುಗುತ್ತಲೇ ಇರುತ್ತದೆ.

ಅದನ್ನು ಅಳೆಯೋಕೆ ಕ್ರೀಪ್‌ಮೀಟರ್ ಅಂತ ಒಂದಿದೆ. ಬಿರುಕಿನ ಆಚೆ ಒಂದು ಗೂಟ, ಈಚೆ ಒಂದು ಗೂಟ, ನಡುವೆ ನೆಲದಡಿ ಓರೆಯಾಗಿ ಎಳೆದ ತಂತಿ. ನೆಲ ಕೂದಲೆಳೆಯಷ್ಟು ಸರಿದರೂ ತುದಿಯ ಸೆನ್ಸರಿಗೆ ಗೊತ್ತಾಗುತ್ತದೆ. ಜಿಪಿಎಸ್, ಉಪಗ್ರಹದ ರೇಡಾರ್ ಬೇರೆ.

ಇಷ್ಟೆಲ್ಲ ಇದ್ದರೂ ಭೂವಿಜ್ಞಾನಿಗಳಿಗೆ ಇದೇ ಊರಿನ ರೋಸ್ ಸ್ಟ್ರೀಟ್ ಮೂಲೆಯ ಒಂದು ಅಂಚುಕಟ್ಟೆ ಮೇಲೆ ವಿಪರೀತ ಪ್ರೀತಿ. ಅದು ಎಷ್ಟೆಷ್ಟು ಸರಿಯಿತು ಅಂತ ನೋಡೋಕೆ 1970ರ ದಶಕದಿಂದ ಅದರ ಫೋಟೋ ತೆಗೆಯುತ್ತಾ ಬಂದಿದ್ದರು. 2016ರಲ್ಲಿ ವೀಲ್‌ಚೇರಿಗೆ ಇಳಿಜಾರು ಮಾಡಲು ನಗರಾಡಳಿತ ಅದನ್ನು ಕಿತ್ತೇಬಿಟ್ಟಿತು. ಹೊಟ್ಟೆ ಉರಿಯದೇ ಇರುತ್ತಾ?

ಆದರೂ ನನ್ನ ಓಟು ಇಳಿಜಾರಿಗೇ. ವೀಲ್‌ಚೇರಿನವರೂ ರಸ್ತೆ ದಾಟಬೇಕಲ್ವಾ? ಹತ್ತು ವರ್ಷಕ್ಕೆ ಐದು ಸೆಂಟಿಮೀಟರ್ ಅಂತ ಲೆಕ್ಕ ಹಾಕಿ, ಫೋಟೋದವರಿಗೆ ಮತ್ತೆ ಕೆಲಸ ಸಿಗುತ್ತದೆ.